ಉಸಿರು ತುಂಬುವ ಯಂತ್ರವೂ ಅದರ ಗದ್ದಲವೂ

(ಸಂಘದ ರಾತ್ರಿಶಾಲೆಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಮಾಡಿದ ಭಾಷಣ)



ನಾವು ಈ ಮೇಜಿನ ಹಿಂದೆ ಎದ್ದು ನಿಂತೆವೆಂದರೆ ಪಗಾರ, ಬೋನಸ್ಸು, ವಾರದ ರಜೆ ಇವುಗಳಲ್ಲಿ ಒಂದರ ಮಾತು ಬರುತ್ತದೆಂದು ತಾವೆಲ್ಲ ಬಲ್ಲಿರಿ. ಇಂದು ಹಾಗಲ್ಲ. ಇಂದು ಒಂದು ಯಂತ್ರದ ಕತೆ. ಮಳೆಗಾಲ ಮುಗಿಯುತ್ತಲೇ ನಮ್ಮ ಸಂಘದ ಇಬ್ಬರು ಹುಡುಗರು ಊರ ಕಡೆಯ ಕಡಲತೀರಕ್ಕೆ, ಸಮುದ್ರದಲ್ಲಿ ಮುಳುಗಿ ಮೀನು ನೋಡುವವರ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುವವರಿದ್ದಾರೆ. ಅಲ್ಲಿ ಅವರ ಪಾಲಿಗೆ ಬರುವುದು ಸಿಲಿಂಡರಿಗೆ ಗಾಳಿ ತುಂಬುವ ಕೆಲಸ. ಅದನ್ನು ನಾವು ಎರಡು ಋತು ಮಾಡಿದವರು. ಹುಡುಗರಿಗೆ ಹೇಳಬೇಕಾದ ಮಾತನ್ನು ಎಲ್ಲರ ಎದುರಿಗೇ ಹೇಳೋಣವೆಂದು ಅಧ್ಯಕ್ಷರ ಅಪ್ಪಣೆ ಪಡೆದಿದ್ದೇವೆ. ಏಳನೆಯ ಇಯತ್ತೆಯವರೆಗೆ ಓದಿದವರ ಬಾಯಲ್ಲಿ ಯಂತ್ರಶಾಸ್ತ್ರ ಬಂದರೆ ನಗಬಾರದು. ಕೈಸುಟ್ಟುಕೊಂಡು ಕಲಿತದ್ದಷ್ಟನ್ನೇ ಹೇಳುತ್ತೇವೆ.

2020ರ ಮಾರ್ಚಿನಲ್ಲಿ ಈ ಊರಿನ ಹೋಟೆಲುಗಳೆಲ್ಲ ಒಂದೇ ದಿನ ಬಾಗಿಲು ಹಾಕಿದ್ದನ್ನು ಯಾರೂ ಮರೆತಿಲ್ಲವಷ್ಟೆ. ನಮ್ಮ ಹೋಟೆಲಿನ ನಾವು ನಾಲ್ವರು, ಒಬ್ಬ ದೋಸೆಕಲ್ಲಿನವ, ಇಬ್ಬರು ಸಪ್ಲಾಯರು, ಒಬ್ಬ ಗ್ರೈಂಡರಿನ ಹುಡುಗ, ಹೇಗೋ ಊರು ಸೇರಿದೆವು. ಒಂದು ವರ್ಷ ಗದ್ದೆಯಲ್ಲೂ ದೋಣಿಯಲ್ಲೂ ಕಳೆಯಿತು. 2021ರ ಅಕ್ಟೋಬರಿನಲ್ಲಿ ಕಡಲತೀರದ ಒಂದು ಊರಿನಲ್ಲಿ ಇಂಥ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಊರಿನ ಹೆಸರೂ ಅಂಗಡಿಯ ಹೆಸರೂ ಇಲ್ಲಿ ಬೇಡ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕಾಗಲಿ, ಮಾಲವಣ ಗೋವೆಗಳ ಕಡಲಿಗಾಗಲಿ ಜನ ಮುಳುಗಲು ಹೋಗುತ್ತಾರಲ್ಲ, ಅವರ ಬೆನ್ನ ಮೇಲಿನ ಸಿಲಿಂಡರಿಗೆ ದಡದಲ್ಲಿ ಯಾರೋ ಗಾಳಿ ತುಂಬಿಸಿರಲೇಬೇಕು. ಆ ಯಾರೋ ಎಂಬವರು ನಮ್ಮಂಥವರೇ.

ಬೆನ್ನಿಗೆ ಗಾಳಿ ಕಟ್ಟಿಕೊಂಡು ಮುಳುಗುವ ಈ ಏರ್ಪಾಡನ್ನು 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ತೋ ಎಂಬ ನೌಕಾ ಅಧಿಕಾರಿಯೂ ಗಾನ್ಯಾಂ ಎಂಬ ಇಂಜಿನಿಯರನೂ ಕೂಡಿ ಸಿದ್ಧಪಡಿಸಿದರು. ಯುದ್ಧಕಾಲ, ಪೆಟ್ರೋಲಿಗೆ ತತ್ವಾರ, ಗ್ಯಾಸಿನಿಂದ ಮೋಟಾರು ಗಾಡಿ ಓಡಿಸಲಿಕ್ಕೆಂದು ಗಾನ್ಯಾಂ ಒಂದು ರೆಗ್ಯುಲೇಟರು ಮಾಡಿದ್ದ. ಅದನ್ನೇ ತಿದ್ದಿ ಮುಳುಗುವವನ ಬಾಯಿಗೆ ಹೊಂದಿಸಿದರು. ಎಂದರೆ ನಮ್ಮ ಅಡಿಗೆಮನೆಯ ಗ್ಯಾಸ್ ರೆಗ್ಯುಲೇಟರಿಗೆ ಅದು ದೂರದ ದಾಯಾದಿಯೇ ಆಯಿತು. ಇರಲಿ, ನಮ್ಮ ಕತೆ ರೆಗ್ಯುಲೇಟರಿನದಲ್ಲ, ದಡದ ಮೇಲೆ ಗಾಳಿ ಒತ್ತುವ ಕಂಪ್ರೆಸರಿನದು.

ಟಯರಿನ ಅಂಗಡಿಯ ಕಂಪ್ರೆಸರನ್ನು ನೋಡದವರಿಲ್ಲ. ಅದು ಎಂಟು ಹತ್ತು ಬಾರ್ ಒತ್ತಡದ್ದು. ಮುಳುಗುವವರ ಸಿಲಿಂಡರಿಗೆ ಬೇಕಾದದ್ದು 200 ಬಾರ್. 12 ಲೀಟರು ನೀರು ಹಿಡಿಯುವ ಉಕ್ಕಿನ ಸಿಲಿಂಡರಿನೊಳಗೆ 2400 ಲೀಟರು ಗಾಳಿಯನ್ನು ಗಿಡಿಯಬೇಕು. ಒಂದೇ ಏಟಿಗೆ ಅಷ್ಟು ಒತ್ತಿದರೆ ಯಂತ್ರ ಸುಟ್ಟುಹೋದೀತು. ಆದಕಾರಣ ಮೂರು ಸಿಲಿಂಡರುಗಳಲ್ಲಿ ಮೂರು ಮೆಟ್ಟಿಲಾಗಿ ಒತ್ತುತ್ತಾರೆ. ಮೊದಲನೆಯದರಲ್ಲಿ ಆರು ಪಟ್ಟು, ಎರಡನೆಯದರಲ್ಲಿ ಆರರ ಆರು ಪಟ್ಟು ಮೂವತ್ತಾರು, ಮೂರನೆಯದರಲ್ಲಿ ಮತ್ತೆ ಆರು ಪಟ್ಟು, ಒಟ್ಟು 216. ಮಗ್ಗಿ ಬಲ್ಲ ಮಗುವಿಗೂ ತಿಳಿಯುವ ಲೆಕ್ಕ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದಿಲ್ಲವೆ, ಹಾಗೆಯೇ ಪ್ರತಿ ಮೆಟ್ಟಿಲಿನಲ್ಲೂ ಗಾಳಿ ಕಾಯುತ್ತದೆ. ಅದನ್ನು ಆರಿಸಲು ನಡುನಡುವೆ ಸುರುಳಿ ಕೊಳವೆ, ಕೊಳವೆಯ ಮೇಲೆ ಬೀಸಲು ದೊಡ್ಡ ಫ್ಯಾನು. ಕೊನೆಗೆ ಇದ್ದಿಲಿನ ಶೋಧಕ. ಅಲ್ಲಿಂದ ಸಿಲಿಂಡರಿಗೆ.

ಗಾಳಿಯ ಜೊತೆಗೆ ನೀರೂ ಬರುತ್ತದೆ. ನಮ್ಮ ಕರಾವಳಿಯ ಹವೆ ಎಂಥದೆಂದು ತಮಗೆ ಹೇಳಬೇಕಾಗಿಲ್ಲ. 30 ಡಿಗ್ರಿಯ ತೇವದ ಹವೆಯಲ್ಲಿ ಒಂದು ಸಿಲಿಂಡರು ತುಂಬಿಸಿದರೆ ಆ ಗಾಳಿಯಿಂದ ಹಿಂಡಿ ಬರುವ ನೀರು ಹೆಚ್ಚುಕಡಿಮೆ ಒಂದು ಕಟಿಂಗ್ ಚಹಾದಷ್ಟು. ಹತ್ತು ಹದಿನೈದು ಮಿನಿಟಿಗೊಮ್ಮೆ ನಲ್ಲಿ ತಿರುಗಿಸಿ ಅದನ್ನು ಹೊರಗೆ ಬಿಡಬೇಕು. ಮರೆತರೆ ಆ ನೀರು ಶೋಧಕದ ಮೇಲೆ ಹೋಗಿ ಅದನ್ನು ಕೆಡಿಸುತ್ತದೆ.

ಚಿಕ್ಕ ಯಂತ್ರವೆಂದರೆ ಮಿನಿಟಿಗೆ 100 ಲೀಟರು ಗಾಳಿ ಕೊಡುವಂಥದು. ಒಂದು ಸಿಲಿಂಡರಿಗೆ 24 ಮಿನಿಟು. ಬೆಳಿಗ್ಗೆ ಎರಡು ದೋಣಿ ಹೋಗಿ ಬಂದವೆಂದರೆ ಸಂಜೆಗೆ ಹದಿನಾಲ್ಕು ಖಾಲಿ ಸಿಲಿಂಡರು. ಲೆಕ್ಕ ಹಾಕಿ ನೋಡಿರಿ. ಐದೂವರೆ ತಾಸಿಗೂ ಮಿಕ್ಕಿ ಯಂತ್ರ ನಡೆಯಬೇಕು, ಎಂದರೆ ರಾತ್ರಿ ಹತ್ತರವರೆಗೆ. ಅದರ ಪಕ್ಕದಲ್ಲಿ ಒಬ್ಬನು ಕುಳಿತಿರಬೇಕು.

ನಮ್ಮ ಅಂಗಡಿಯಲ್ಲಿ ಮೊದಲು ಇದ್ದದ್ದು ಪೆಟ್ರೋಲು ಇಂಜಿನಿನ ಯಂತ್ರ. ಕಡಲತೀರದಲ್ಲಿ ಕರೆಂಟಿನ ಭರವಸೆಯಿಲ್ಲ ಎಂಬುದು ಧಣಿಗಳ ವಾದ, ಪೂರ್ತಿ ಸುಳ್ಳೇನಲ್ಲ. ಆದರೆ ಅದರ ಗದ್ದಲವೆಂದರೆ! ಇಂಜಿನಿನ ಹೊಗೆಕೊಳವೆ ಬೊಗಳುವುದು ಒಂದು, ಮೊದಲನೆಯ ಸಿಲಿಂಡರು ಗಾಳಿ ಗುಟುಕರಿಸುವ ಧಕ್ ಧಕ್ ಒಂದು, ಫ್ಯಾನಿನ ಭೋರೆಂಬುದೊಂದು, ಸಿಮೆಂಟು ನೆಲವೇ ಗಡಗಡ ನಡುಗುವುದೊಂದು, ನೀರು ಬಿಡುವಾಗ ಸರ್ಪ ಬುಸುಗುಟ್ಟಿದಂತೆ ಇನ್ನೊಂದು. ಪಕ್ಕದಲ್ಲಿ ನಿಂತವನೊಡನೆ ಮಾತಾಡಬೇಕಾದರೆ ಕಿವಿಯಲ್ಲಿ ಕೂಗಬೇಕು. ಪರೇಲಿನ ಗಿರಣಿಗಳಲ್ಲಿ ಮಗ್ಗದ ಖಾತೆಯಲ್ಲಿ ದುಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. 1982ರ ಮುಷ್ಕರದ ಮೇಲೆ ಗಿರಣಿಗಳು ಹೋದವು, ಮಗ್ಗಗಳು ಹೋದವು, ಆದರೆ ಇವರ ಕಿವಿಗೆ ಹಿಡಿದ ಮಂದ ಹೋಗಲಿಲ್ಲ. ಇವರೊಡನೆ ಫೋನಿನಲ್ಲಿ ಮಾತಾಡುವಾಗ ನಾವೆಷ್ಟು ಅರಚುತ್ತೇವೆಂದು ನಮ್ಮ ಖೋಲಿಯ ನೆರೆಯವರನ್ನು ಕೇಳಿರಿ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮಗಾಗ ಇದು ತಿಳಿದಿರಲಿಲ್ಲ. ಗ್ರೈಂಡರಿನ ಹುಡುಗನಂತೂ, ‘ಇದೆಂಥ ಗದ್ದಲ, ನಮ್ಮ ಹೋಟೆಲಿನ ಗ್ರೈಂಡರಿನ ಅಕ್ಕ’ ಎಂದು ನಗುತ್ತಿದ್ದ.

ನಮ್ಮ ಕಿವಿಯ ಬಗೆಗೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಪಕ್ಕದ ಲಾಡ್ಜಿನಿಂದ. ಅಲ್ಲಿ ಇಳಿದವರಿಗೆ ನಿದ್ರೆಯಿಲ್ಲವಂತೆ. ಅವರದೂ ನ್ಯಾಯವೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮೀರಬಾರದು. ಧಣಿಗಳು ಆಚಾರಿಯನ್ನು ಕರೆದು, ಯಂತ್ರಕ್ಕೊಂದು ಪೆಟ್ಟಿಗೆ ಮಾಡು ಎಂದರು. ಅರ್ಧ ಇಂಚಿನ ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಥರ್ಮೋಕೋಲು, ಅದರ ಮೇಲೆ ಮೊಟ್ಟೆಯ ಟ್ರೇಗಳು. ಆ ಟ್ರೇಗಳನ್ನು ಊರಿನ ಹೋಟೆಲುಗಳಿಂದ ಒಟ್ಟುಮಾಡಿ ತಂದು ಅಂಟಿಸಿದವರು ನಾವೇ, ಬಹಳ ಹುರುಪಿನಿಂದ. ಬಂಧುಗಳೇ, ಮೊಟ್ಟೆಯ ಟ್ರೇ ಶಬ್ದವನ್ನು ತಡೆಯುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇವೆ, ಯಾಕೆಂದರೆ ನಮ್ಮ ಎಷ್ಟೋ ಹೋಟೆಲುಗಳ ಹಿಂದಿನ ಜನರೇಟರ್ ಗೂಡಿನಲ್ಲಿ ಇಂದಿಗೂ ಅವು ಅಂಟಿಕೊಂಡಿವೆ. ಹಗುರವಾದದ್ದು ಯಾವುದೂ ಶಬ್ದವನ್ನು ನಿಲ್ಲಿಸದು, ಭಾರವಾದದ್ದೇ ನಿಲ್ಲಿಸಬೇಕು. ಟ್ರೇಗಳು ಮಾಡುವ ಕೆಲಸ ಒಂದೇ, ಕಿಡಿ ಬಿದ್ದರೆ ಚೆನ್ನಾಗಿ ಉರಿಯುವುದು.

ಮೊದಲು ಯಂತ್ರದ ಗಾಳಿ ಸೇದುವ ಕೊಳವೆಯನ್ನು ಒಂದು ಬಿದಿರಿಗೆ ಕಟ್ಟಿ ಮೇಲಕ್ಕೆ ಎತ್ತಿದ್ದೆವು. ಪೆಟ್ಟಿಗೆ ಬಂದಾಗ ಆ ಕೊಳವೆಗೆ ತೂತು ಬಿಡಲು ಆಚಾರಿ ಮರೆತ. ತೂತು ಹೆಚ್ಚಾದರೆ ಶಬ್ದ ಹೊರಬರುತ್ತದೆ, ಇರಲಿ ಬಿಡು, ಎಂದರು ಧಣಿಗಳು. ಕೊಳವೆಯನ್ನು ತುಂಡು ಮಾಡಿ ಪೆಟ್ಟಿಗೆಯ ಬುಡದಲ್ಲೇ ಬಿಟ್ಟೆವು. ಇಂಜಿನಿನ ಹೊಗೆಕೊಳವೆಯನ್ನು ಮಾತ್ರ ಹಿಂಬದಿಗೆ ಹೊರಗೆ ಹಾಕಿದ್ದರು. ಎರಡಕ್ಕೂ ನಡುವೆ ನಾಲ್ಕು ಮೊಳ. ಪಡುವಣ ಗಾಳಿ ಬೀಸಿದರೆ ಹೊಗೆ ನೆಟ್ಟಗೆ ಬುಡದೊಳಗೆ.

ಎರಡು ದಿನ ಎಲ್ಲರೂ ಸಂತೋಷಪಟ್ಟರು. ಮೂರನೆಯ ಸಂಜೆ ತುಂಬಿಸಲು ಕುಳಿತಿದ್ದ ಹುಡುಗ ತಲೆನೋವೆಂದು ಎದ್ದು ಹೋದ. ಬಿಸಿಲಿನದಿರಬೇಕೆಂದು ನಾವು ನಿಂಬೆ ಶರಬತ್ತು ಕೊಟ್ಟೆವು. ಮರುದಿನ ಆ ಸಿಲಿಂಡರುಗಳು ದೋಣಿ ಹತ್ತಿದವು. ಪ್ರವಾಸಿಗಳಿಗಿಂತ ಮೊದಲು ನೀರಿಗಿಳಿದು ನೋಡಿಬರಲು ಹೋದವನು ನಮ್ಮವನೇ ಒಬ್ಬ ಮುಳುಗುಗಾರ, ಮೀನುಗಾರರ ಮನೆಯ ಹುಡುಗ. ಕಾಲು ತಾಸಿನಲ್ಲಿ ಮೇಲೆ ಬಂದ. ತಲೆ ಸಿಡಿಯುತ್ತದೆಂದ, ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿದ, ಕಾಲು ನಿಲ್ಲಲಿಲ್ಲ. ದೋಣಿಯಲ್ಲಿ ಆಮ್ಲಜನಕದ ಪೆಟ್ಟಿಗೆ ಇತ್ತು, ಅದರಿಂದ ಬದುಕಿದ. ಇನ್ನೂ ಹತ್ತು ಮಿನಿಟು ಕೆಳಗೇ ಇದ್ದಿದ್ದರೆ ಅವನನ್ನು ಹುಡುಕಲು ಬೇರೆಯವರು ಇಳಿಯಬೇಕಾಗುತ್ತಿತ್ತು. ಇಳಿಯುವವರ ಬೆನ್ನ ಮೇಲೂ ಅದೇ ಗಾಳಿ.

ಏನಾಯಿತೆಂಬುದನ್ನು ಆಸ್ಪತ್ರೆಯ ಡಾಕ್ಟರು ತಿಳಿಸಿ ಹೇಳಿದರು. ಇಂಜಿನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಕೆಂಪು ಪದಾರ್ಥ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಡಿದರೆ ಬೇಗ ಬಿಡದು. ಚಳಿಗಾಲದಲ್ಲಿ ಖೋಲಿಯ ಬಾಗಿಲು ಹಾಕಿ ಶಗಡಿ ಉರಿಸಿ ಮಲಗಿದವರು ಬೆಳಿಗ್ಗೆ ಏಳದ ಸುದ್ದಿಯನ್ನು ನಾವು ಕೇಳಿಲ್ಲವೆ? ಅದೇ ಅನಿಲ. ನೀರೊಳಗೆ ಇದರ ಕ್ರೌರ್ಯ ಇನ್ನೂ ಹೆಚ್ಚು. 10 ಮೀಟರು ಆಳದಲ್ಲಿ ಒತ್ತಡ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಸೇದುವ ವಿಷವೂ ಅಷ್ಟೇ ಪಟ್ಟು. ದಡದಲ್ಲಿ ಕೆಮ್ಮೂ ತರಿಸದ ಗಾಳಿ ಅಲ್ಲಿ ಮನುಷ್ಯನನ್ನು ಮಲಗಿಸಬಲ್ಲುದು. ಈ ಕಾರಣದಿಂದಲೇ ಐರೋಪ್ಯ ಮಾನದಂಡದಲ್ಲಿ ಮುಳುಗುವವರ ಗಾಳಿಗೆ ಹತ್ತು ಲಕ್ಷ ಭಾಗಕ್ಕೆ 5 ಭಾಗಕ್ಕಿಂತ ಹೆಚ್ಚು ಈ ಅನಿಲವಿರಕೂಡದೆಂದು ಕಟ್ಟುಮಾಡಿದ್ದಾರೆ. ಇದ್ದಿಲಿನ ಶೋಧಕವಿದೆಯಲ್ಲ ಎನ್ನಬೇಡಿರಿ. ಇದ್ದಿಲು ಎಣ್ಣೆಯ ವಾಸನೆಯನ್ನು ಹಿಡಿಯುತ್ತದೆ, ಈ ಅನಿಲವನ್ನು ಬಿಟ್ಟುಬಿಡುತ್ತದೆ. ವಾಸನೆ ಹೋಯಿತು, ವಿಷ ಉಳಿಯಿತು. ಇದನ್ನು ಮುರಿಯಲು ಹಾಪ್ಕಲೈಟ್ ಎಂಬ ಬೇರೆ ಪದಾರ್ಥವಿದೆ. ನಮ್ಮ ಶೋಧಕದಲ್ಲಿ ಅದು ಇರಲಿಲ್ಲ. ಇದ್ದರೂ ಗಾಳಿ ಒಣಗಿರದಿದ್ದರೆ ಅದು ಕೆಲಸ ಮಾಡದು.

ಧಣಿಗಳು ಏನೆಂದರು? ಹುಡುಗ ಹಳಸಿದ ಮೀನು ತಿಂದಿರಬೇಕೆಂದರು. ಉಳಿದ ಸಿಲಿಂಡರುಗಳಿಗೆ ಪ್ರವಾಸಿಗಳು ಕಾದಿದ್ದರು. ಅವನ್ನೇ ಹತ್ತಿಸಿರಿ ಎಂದರು. ತುಂಬಿಸಿದವನ ಪಗಾರ ಕಡಿಯುತ್ತೇವೆಂದರು. ಅಲ್ಲಿಯವರೆಗೆ ನಾವು ಧಣಿಗಳ ಎದುರು ನಿಂತು ಮಾತಾಡಿದವರಲ್ಲ. ಆ ದಿನ ನಾಲ್ವರೂ ಹೋಗಿ ಹದಿಮೂರು ಸಿಲಿಂಡರುಗಳ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ಗಾಳಿಯನ್ನೆಲ್ಲ ಬಯಲಿಗೆ ಬಿಟ್ಟೆವು. ಐದು ತಾಸಿನ ದುಡಿತ ಬುಸ್ಸೆಂದು ಹೋಯಿತು. ಹದಿನಾಲ್ಕನೆಯದನ್ನು, ಆ ಹುಡುಗ ಹೊತ್ತಿದ್ದನ್ನು, ಪರೀಕ್ಷೆಗೆಂದು ಬೀಗ ಹಾಕಿ ಇಟ್ಟೆವು. ಕೊಳವೆ ಮೇಲೆ ಹೋಗುವವರೆಗೆ, ಕಡಿದ ಪಗಾರ ತಿರುಗಿ ಬರುವವರೆಗೆ ಯಂತ್ರ ತಿರುಗುವುದಿಲ್ಲವೆಂದು ಶೆಡ್ಡಿನ ಬಾಗಿಲಲ್ಲಿ ಕುಳಿತೆವು. ಎರಡು ದಿನ ಕುಳಿತೆವು. ಸಂಘಟನೆಯೆಂಬ ಶಬ್ದ ನಮಗಾಗ ಗೊತ್ತಿರಲಿಲ್ಲ.

ಸಿಲಿಂಡರಿನ ಪರೀಕ್ಷೆಯ ಚೀಟಿ ಬಂದಮೇಲೆ ಧಣಿಗಳು ಮೆತ್ತಗಾದರು. ಆದರೆ ಲಾಡ್ಜಿನ ತಕರಾರು ಹಾಗೆಯೇ ಇತ್ತಲ್ಲ. ಗದ್ದಲವೂ ನಿಲ್ಲಬೇಕು, ಗಾಳಿಯೂ ಕೆಡಬಾರದು. ಆಗ ನಮಗೆ ಗುರುವಾಗಿ ಸಿಕ್ಕವರು ಬಂದರಿನ ಐಸ್ ಫ್ಯಾಕ್ಟರಿಯ ಮಿಸ್ತ್ರಿಗಳು. ಜೀವಮಾನವಿಡೀ ಕಂಪ್ರೆಸರುಗಳ ನಡುವೆ ಕಳೆದವರು. ನಮ್ಮ ಪೆಟ್ಟಿಗೆಯನ್ನು ನೋಡಿದವರೇ, “ಎಂತ ಮಾರಾಯ್ರೆ, ಮೆಷಿನಿಗೆ ಕಂಬಳಿ ಹೊದಿಸಿದ್ದೀರಿ? ಅದಕ್ಕೆ ಜ್ವರ ಬರ್ತದೆ,” ಎಂದರು.

ಅವರ ಮೊದಲ ಮಾತು, ಪೆಟ್ರೋಲು ತೆಗೆಯಿರಿ, ಕರೆಂಟು ಹಾಕಿರಿ. ಅರ್ಧ ಗದ್ದಲ ಅಲ್ಲಿಗೇ ಹೋಗುತ್ತದೆ, ಹೊಗೆಯಂತೂ ಪೂರಾ ಹೋಗುತ್ತದೆ. ಈ ಯಂತ್ರಕ್ಕೆ ಬೇಕಾದದ್ದು 3 ಅಶ್ವಶಕ್ತಿಯ, ಎಂದರೆ 2.2 ಕಿಲೋವಾಟಿನ ಮೋಟಾರು. ಒಂದು ಸಿಲಿಂಡರಿಗೆ ಸುಮಾರು ಒಂದು ಯೂನಿಟ್ ಕರೆಂಟು. ಮನೆಗೆ ಬರುವ ಸಿಂಗಲ್ ಫೇಸಿನಲ್ಲಿ ಇಂಥ ಮೋಟಾರು 14–15 ಆಂಪಿಯರು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಅಂಗಡಿಯಿಂದ ಶೆಡ್ಡಿಗೆ ಸಪೂರ ವಾಯರು ಎಳೆದಿದ್ದರೆ ದೀಪಗಳೆಲ್ಲ ಮಂಕಾಗುತ್ತವೆ, ಮೋಟಾರು ಗುಂಯ್ ಎಂದು ನಿಂತಲ್ಲೇ ಬಿಸಿಯಾಗುತ್ತದೆ. ನಮ್ಮ ಹೋಟೆಲಿನಲ್ಲಿ ಗ್ರೈಂಡರು ಹಾಕಿದಾಗ ಗಲ್ಲಾದ ಮೇಲಿನ ದೀಪ ಕಣ್ಣು ಮಿಟುಕಿಸುವುದಿಲ್ಲವೆ? ಅದರ ದೊಡ್ಡ ರೂಪ. ತ್ರೀ ಫೇಸಿನಲ್ಲಾದರೆ ಒಂದೊಂದು ತಂತಿಗೆ ಸುಮಾರು 5 ಆಂಪಿಯರಿನಲ್ಲಿ ಕೆಲಸ ಮುಗಿಯುತ್ತದೆ.

ನಮ್ಮಲ್ಲಿ ತ್ರೀ ಫೇಸು ಇರಲಿಲ್ಲ. ಅರ್ಜಿ ಹಾಕಿದರೆ ಋತು ಮುಗಿಯುತ್ತಿತ್ತು. ಮಿಸ್ತ್ರಿಗಳು ಒಂದು ಡ್ರೈವ್ ಪೆಟ್ಟಿಗೆಯನ್ನು ತರಿಸಿದರು. ಸಿಂಗಲ್ ಫೇಸನ್ನು ಒಳಗೆ ತೆಗೆದುಕೊಂಡು ತ್ರೀ ಫೇಸ್ ಮೋಟಾರನ್ನು ಓಡಿಸಬಲ್ಲ ಪೆಟ್ಟಿಗೆ ಅದು. ಮೋಟಾರಿನ ತಂತಿಗಳನ್ನು ಸ್ಟಾರಿನಿಂದ ಡೆಲ್ಟಾಕ್ಕೆ ಬದಲಿಸಿ ಕಟ್ಟಿದರು. ಇದರಿಂದ ಎರಡು ಲಾಭ. ಮೋಟಾರು ಜಗ್ಗದೆ ಮೆಲ್ಲನೆ ಹೊರಡುತ್ತದೆ. ವೇಗವನ್ನು ಬೇಕಾದಷ್ಟು ಇಳಿಸಬಹುದು. ವೇಗವನ್ನು ಕಾಲು ಭಾಗ ಇಳಿಸಿದರೆ ಫ್ಯಾನಿನ ಗದ್ದಲ ಒಂದೇ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. 24 ಮಿನಿಟಿನ ಕೆಲಸ 32 ಮಿನಿಟಾಗುತ್ತದೆ, ನಿಜ. ಆದರೆ ಬಹಳ ಇಳಿಸಬೇಡಿರೆಂದು ಮಿಸ್ತ್ರಿಗಳ ತಾಕೀತು. ಒಳಗೆ ಎಣ್ಣೆ ಚಿಮ್ಮುವುದು ತಿರುಗುವ ವೇಗದಿಂದಲೇ; ಯಂತ್ರದ ಪುಸ್ತಕದಲ್ಲಿ ಬರೆದ ಕನಿಷ್ಠ ವೇಗಕ್ಕಿಂತ ಕೆಳಗಿಳಿದರೆ ಲೋಹ ಲೋಹವನ್ನು ತಿನ್ನುತ್ತದೆ.

ಹುಡುಗರೇ, ಇನ್ನೆರಡು ಮಾತು ಬರೆದುಕೊಳ್ಳಿರಿ. ಮೋಟಾರು ಹಾಕುವ ಮೊದಲು ನೀರಿನ ನಲ್ಲಿಗಳೆಲ್ಲ ತೆರೆದಿರಲಿ. ಒತ್ತಡದ ಎದುರು ಮೋಟಾರನ್ನು ಎಬ್ಬಿಸುವುದೆಂದರೆ ಮಲಗಿದ ಎತ್ತಿನ ಮೇಲೆ ಮೂಟೆ ಹೇರಿ ಏಳೆಂದಂತೆ. ಯಂತ್ರ ವೇಗ ಹಿಡಿದ ಮೇಲೆ ಒಂದೊಂದೇ ನಲ್ಲಿ ಮುಚ್ಚಿರಿ. ಎರಡನೆಯದು, ತ್ರೀ ಫೇಸ್ ಮೋಟಾರಿನ ಯಾವ ಎರಡು ತಂತಿ ಅದಲುಬದಲಾದರೂ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಗಾಳಿ ತುಂಬುತ್ತಲೇ ಇರುತ್ತದೆ, ಏನೂ ತಪ್ಪಿಲ್ಲವೆಂಬಂತೆ ಕಾಣುತ್ತದೆ. ಆದರೆ ಫ್ಯಾನು ಉಲ್ಟಾ ಬೀಸಿ ಯಂತ್ರ ಕಾಯುತ್ತದೆ. ಗಾಲಿಯ ಮೇಲಿನ ಬಾಣದ ಗುರುತನ್ನು ನೋಡಿಯೇ ಬೆಲ್ಟು ಹಾಕಿರಿ. ಇದನ್ನು ಒಮ್ಮೆ ನಾವು ತಪ್ಪಿ, ಮಿಸ್ತ್ರಿಗಳ ಬಾಯಿಂದ ಏನೇನು ಕೇಳಿದೆವೆಂಬುದನ್ನು ಈ ಸಭೆಯಲ್ಲಿ ಹೇಳುವಂತಿಲ್ಲ.

ಇನ್ನು ಗೂಡು. ಪ್ಲೈವುಡ್ ಪೆಟ್ಟಿಗೆಯನ್ನು ಒಲೆಗೆ ಹಾಕಿ, ಮುರಕಲ್ಲಿನಲ್ಲಿ ಒಂದು ಚಿಕ್ಕ ಕೋಣೆ ಎಬ್ಬಿಸಿದೆವು. ನಮ್ಮ ಕರಾವಳಿಯ ಕೆಂಪು ಕಲ್ಲಿಗಿಂತ ಭಾರದ ಸಾಮಾನು ಅಗ್ಗದಲ್ಲಿ ಬೇರೆ ಎಲ್ಲಿ ಸಿಗಬೇಕು? ಹಂಚಿನ ಕೆಳಗೆ ಸಿಮೆಂಟು ಹಲಗೆಯ ಎರಡು ಪದರು. ಶಬ್ದವೂ ನೀರಿನಂತೆ, ಸಣ್ಣ ಬಿರುಕಿದ್ದರೂ ಸೋರುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ನೂರರಲ್ಲಿ ಒಂದು ಪಾಲು ತೂತು ಉಳಿದರೆ 20 ಡೆಸಿಬೆಲಿಗಿಂತ ಹೆಚ್ಚು ತಡೆಯಲಾರದೆಂದು ಮಿಸ್ತ್ರಿಗಳು ಹೇಳಿದರು.

ಹಾಗೆಂದು ಪೂರಾ ಮುಚ್ಚಿದರೆ ಮತ್ತೆ ಜ್ವರದ ಮಾತೇ. 2.2 ಕಿಲೋವಾಟು ಎಂದರೆ ಎರಡು ಇಸ್ತ್ರಿಪೆಟ್ಟಿಗೆಗಳನ್ನು ಹಾಕಿ ಕಪಾಟಿನೊಳಗೆ ಇಟ್ಟಂತೆ. ಮೋಟಾರು ತಿಂದ ಕರೆಂಟೆಲ್ಲ ಹೆಚ್ಚುಕಡಿಮೆ ಶಾಖವಾಗಿಯೇ ಹೊರಬರುತ್ತದೆ. ಕೋಣೆಯ ಬಿಸಿ ಹೊರಗಿನದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ ಗಂಟೆಗೆ 650 ಘನ ಮೀಟರು ಗಾಳಿ ಅದರೊಳಗೆ ಹಾಯಬೇಕು. ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಿರಿ, ಪೆಟ್ರೋಲು ಹೋಯಿತು, ಇನ್ನು ವಿಷದ ಭಯವಿಲ್ಲವೆಂದು ನಾವೂ ತಿಳಿದಿದ್ದೆವು. ಹಾಗಲ್ಲ. ಯಂತ್ರ ಮಿತಿಮೀರಿ ಕಾದರೆ ಅದರೊಳಗಿನ ಎಣ್ಣೆಯೇ ಸೀದು ಅದೇ ಅನಿಲವನ್ನು ಹುಟ್ಟಿಸುತ್ತದೆ. ಹೊರಗಿನ ಹೊಗೆಗೆ ವಾಸನೆಯಾದರೂ ಇತ್ತು. ಅಷ್ಟೇ ಅಲ್ಲ, ಬಿಸಿ ಗಾಳಿ ಹೆಚ್ಚು ನೀರು ಹೊರುತ್ತದೆ. 20 ಡಿಗ್ರಿಯ ಒಂದು ಘನ ಮೀಟರು ಗಾಳಿ 17 ಗ್ರಾಂ ಹೊತ್ತರೆ 40 ಡಿಗ್ರಿಯದು 51 ಗ್ರಾಂ ಹೊರಬಲ್ಲುದು. ಶೋಧಕ ಮೂರರಲ್ಲಿ ಒಂದು ಪಾಲು ಕಾಲದಲ್ಲೇ ಸತ್ತುಹೋಗುತ್ತದೆ.

ಗಾಳಿ ಬರಬೇಕು, ಶಬ್ದ ಹೋಗಬಾರದು. ಹೇಗೆ? ಗಾಳಿ ತಿರುವಿನಲ್ಲಿ ನಡೆಯುತ್ತದೆ, ಶಬ್ದ ತಿರುವಿನಲ್ಲಿ ಮುಗ್ಗರಿಸುತ್ತದೆ. ಗೋಡೆಯ ಬುಡದಲ್ಲಿ ಒಂದು, ಮಾಡಿನ ಕೆಳಗೆ ಒಂದು, ಹೀಗೆ ಎರಡು ಅಗಲ ದಾರಿ ಬಿಟ್ಟು, ಎರಡನ್ನೂ ಹಾವಿನಂತೆ ಎರಡು ಬಾರಿ ಬಾಗಿಸಿ, ಒಳಮೈಗೆ ರಾಕ್‌ವುಲ್ಲು ಹೊದಿಸಿ ಅದರ ಮೇಲೆ ಜಾಲರಿ ಹೊಡೆದೆವು. ಮೇಲಿನ ದಾರಿಗೆ ಒಂದು ಎಕ್ಸಾಸ್ಟ್ ಫ್ಯಾನು. ಬಿಸಿಗಾಳಿ ಮೇಲಿನಿಂದ ಹೊರಟು ಹೋದರೆ ತಣ್ಣನೆಯದು ಕೆಳಗಿನಿಂದ ತಾನೇ ಬರುತ್ತದೆ. ಯಂತ್ರದ ಕಾಲಿನಡಿಗೆ ದಪ್ಪ ರಬ್ಬರು ಇಟ್ಟೆವು; ನೆಲದ ನಡುಕ ಅಂದೇ ನಿಂತಿತು. ಇದೊಂದಕ್ಕೆ ನೂರಿನ್ನೂರು ರೂಪಾಯಿಯೂ ಆಗಲಿಲ್ಲ. ಮೊದಲೇ ಯಾಕೆ ಯಾರಿಗೂ ಹೊಳೆಯಲಿಲ್ಲವೋ! ನೀರಿನ ನಲ್ಲಿಗಳ ಬುಸುಗುಟ್ಟುವಿಕೆಗೆ ಒಂದು ರಬ್ಬರು ಕೊಳವೆ ಹಾಕಿ, ಅದರ ತುದಿಯನ್ನು ಚಿಂದಿ ಬಟ್ಟೆ ತುಂಬಿದ ತೆರೆದ ಡಬ್ಬಿಯಲ್ಲಿ ಬಿಟ್ಟೆವು.

ಕಡೆಗೆ ಸೇದುವ ಕೊಳವೆ. ಯಾರು ಏನೇ ಹೇಳಲಿ, ಅದು ಕೋಣೆಯೊಳಗೆ ಇರಕೂಡದು. ಮಾಡಿನ ಮೇಲೆ ಮೂರು ಮೀಟರು, ಗಾಳಿ ಬರುವ ದಿಕ್ಕಿಗೆ, ರಸ್ತೆಗೂ ಅಡಿಗೆಮನೆಯ ಚಿಮಣಿಗೂ ದೋಣಿಯ ಇಂಜಿನಿಗೂ ದೂರ. ಉದ್ದ ಹೆಚ್ಚಾದಂತೆ ಕೊಳವೆ ಅಗಲವಾಗಬೇಕು. ಸಪೂರ ಕೊಳವೆಯಾದರೆ ಯಂತ್ರ ಉಬ್ಬಸದವನಂತೆ ಎಳೆಯುತ್ತದೆ. ಧಕ್ ಧಕ್ ಎಂಬ ಗುಟುಕು ಶಬ್ದವನ್ನು ಕೊಲ್ಲಲು ಕೊಳವೆಯ ನಡುವೆ ಒಂದು ಖಾಲಿ ಉಕ್ಕಿನ ಡಬ್ಬಿ, ಒಂದು ಬದಿಯಿಂದ ಗಾಳಿ ಬಂದು ಇನ್ನೊಂದು ಬದಿಯಿಂದ ಹೋಗುವಂತೆ. ಅದರೊಳಗೆ ಮಾತ್ರ ರಾಕ್‌ವುಲ್ಲನ್ನಾಗಲಿ ಹತ್ತಿಯನ್ನಾಗಲಿ ತುರುಕಬೇಡಿರಿ. ಅದರ ಎಳೆ ಮನುಷ್ಯನ ಪುಪ್ಪುಸಕ್ಕೆ ಹೋಗುವ ದಾರಿ ಅದು.

ಇದೆಲ್ಲ ಮಾಡುವಷ್ಟು ಜಾಗವಿಲ್ಲದವರು ಯಂತ್ರವನ್ನು ದೂರ ಇಟ್ಟು, ಉನ್ನತ ಒತ್ತಡದ ಕೊಳವೆಯಲ್ಲಿ ಗಾಳಿಯನ್ನು ಅಂಗಡಿಗೆ ತರಬಹುದು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಗದ್ದಲ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 85 ಇದ್ದದ್ದು ಹದಿನಾರು ಮೀಟರಿನಲ್ಲಿ 61.

ಕೆಲಸ ಮುಗಿದ ನಾಲ್ಕನೆಯ ದಿನ ಲಾಡ್ಜಿನ ಮೆನೇಜರರು ಬಂದು, ಯಂತ್ರ ಮಾರಿದಿರೋ ಎಂದು ಕೇಳಿದರು. ಒಳಗೆ ಆಗ ಯಂತ್ರ ನಡೆಯುತ್ತಿತ್ತು. ಆದರೆ ಬಂಧುಗಳೇ, ಹೊರಗೆ ಸದ್ದಿಲ್ಲವಾಯಿತೆಂದರೆ ಒಳಗೆ ಸದ್ದು ಕಡಿಮೆಯಾಯಿತೆಂದಲ್ಲ. ಕಲ್ಲಿನ ಗೋಡೆ ಅದನ್ನು ತಿರುಗಿಸಿ ಒಳಗಿನವನ ಕಿವಿಗೇ ಕೊಡುತ್ತದೆ. ತುಂಬಿಸುವ ನಲ್ಲಿಗಳೂ ಒತ್ತಡದ ಗಡಿಯಾರವೂ ಗೋಡೆಯ ಹೊರಗೆ ಬರಬೇಕು, ಹುಡುಗ ಹೊರಗೆ ಕುಳಿತಿರಬೇಕು, ಒಳಗೆ ಹೋಗುವುದು ನೀರು ಬಿಡಲಿಕ್ಕೆ ಮಾತ್ರ, ಅದೂ ಕಿವಿಗೆ ಬಿರಡೆ ಇಟ್ಟುಕೊಂಡು. ಇದನ್ನು ಕೇಳಿದಾಗ ಧಣಿಗಳು, ಲಾಡ್ಜಿನವರು ಸುಮ್ಮನಾದರಲ್ಲ, ಇನ್ನೇನು ಖರ್ಚು, ಎಂದರು. ಆ ಖರ್ಚಿಗಾಗಿ ನಾವು ಇನ್ನೂ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ಕುಳಿತುಕೊಳ್ಳಬೇಕಾಯಿತು.

ಆ ಮುಳುಗುಗಾರ ಹುಡುಗ ಒಂದು ತಿಂಗಳ ಮೇಲೆ ಮತ್ತೆ ನೀರಿಗಿಳಿದ. ಇಳಿಯುವ ಮೊದಲು ಸಿಲಿಂಡರಿನ ನಲ್ಲಿ ತುಸು ತಿರುಗಿಸಿ ಮೂಗಿಗೆ ಹಿಡಿಯುತ್ತಿದ್ದ. ವಾಸನೆಯಿಂದ ಏನೂ ತಿಳಿಯದೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಮರು ಋತುವಿಗೆ ಆ ಅನಿಲವನ್ನು ಅಳೆಯುವ ಕೈಯಳತೆಯ ಮೀಟರು ಬಂತು. ಒಂದೊಂದು ಸಿಲಿಂಡರಿನ ಅಂಕಿಯನ್ನೂ ಒಂದು ವಹಿಯಲ್ಲಿ ಬರೆದು ತುಂಬಿಸಿದವನು ರುಜು ಹಾಕುವ ಪದ್ಧತಿ ಮಾಡಿದೆವು. ಮುಳುಗುವವನು ಆ ವಹಿ ನೋಡಿಯೇ ಸಿಲಿಂಡರು ಎತ್ತಿಕೊಳ್ಳುತ್ತಿದ್ದ.

ಹೋಗುವ ಹುಡುಗರಿಗೆ ಅಂಥದೇ ಒಂದು ವಹಿಯನ್ನೂ ಎರಡು ಜೊತೆ ಕಿವಿಬಿರಡೆಗಳನ್ನೂ ಸಂಘದ ಲೆಕ್ಕದಲ್ಲಿ ತಂದಿಟ್ಟಿದ್ದೇವೆ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಿಂದ ಪಡೆದುಕೊಳ್ಳಿರಿ. ಅಂಗಡಿಗೆ ಹೋದ ದಿನವೇ ಸೇದುವ ಕೊಳವೆಯ ಬಾಯಿ ಎಲ್ಲಿದೆಯೆಂದು ನೋಡಿ ನಮಗೆ ಫೋನು ಮಾಡಿರಿ. ರಾತ್ರಿ ಹನ್ನೊಂದರ ಮೇಲೆ ಮಾಡಿರಿ, ಅಷ್ಟು ಹೊತ್ತಿಗೆ ನಮ್ಮ ಹೋಟೆಲಿನ ಬಾಗಿಲು ಹಾಕಿರುತ್ತಾರೆ.